ಕತ್ತಲಲ್ಲಿ ಬೆಳಗುವ ಸುರಕ್ಷತಾ ಸಾಮಗ್ರಿಗಳ ಮಾನಕಗಳು

ವಿದ್ಯುತ್ತು ಕೈಕೊಟ್ಟ ಕ್ಷಣದಿಂದ ತಾವಾಗಿ ಬೆಳಗಿ ಹೊರಹೋಗುವ ದಾರಿ ತೋರಿಸುವ ಪಟ್ಟಿ, ಫಲಕ, ಟೇಪು ಮತ್ತು ಬಣ್ಣಗಳಿಗೆ ಸ್ಫುರದೀಪ್ತ ಸುರಕ್ಷತಾ ಸಾಮಗ್ರಿಗಳೆಂದು ಹೆಸರು. ಎತ್ತರದ ಕಟ್ಟಡಗಳ ಮೆಟ್ಟಿಲು, ಪ್ರಯಾಣಿಕರ ಹಡಗಿನ ಕಾರಿಡಾರು, ವಿಮಾನದ ನಡುದಾರಿ, ಸುರಂಗ ಮಾರ್ಗಗಳಲ್ಲಿ ಇವು ಬಳಕೆಯಲ್ಲಿವೆ. ಇವಕ್ಕೆ ತಂತಿ ಬೇಡ, ಬ್ಯಾಟರಿ ಬೇಡ, ಸ್ವಿಚ್ಚೂ ಬೇಡ. ದೀಪ ಉರಿಯುತ್ತಿರುವಾಗ ಹೀರಿಕೊಂಡ ಬೆಳಕನ್ನು ದೀಪ ಆರಿದ ಮೇಲೆ ನಿಧಾನವಾಗಿ ಹೊರಬಿಡುವುದಷ್ಟೇ ಇವುಗಳ ಕೆಲಸ. ಎಷ್ಟು ಬೆಳಗಬೇಕು, ಎಷ್ಟು ಹೊತ್ತು ಬೆಳಗಬೇಕು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ಹಲವು ದೇಶಗಳ ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳ ಮಾನಕಗಳು ಗೊತ್ತುಮಾಡಿವೆ. ಈ ಮಾನಕಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ ಎಂಬುದು ಕಾಣುತ್ತದೆ. ಕೆಲವು ಈ ವಸ್ತು ಎಷ್ಟು ಒಳ್ಳೆಯದು ಎಂದು ಕೇಳುತ್ತವೆ. ಇನ್ನು ಕೆಲವು ಈ ಜಾಗದಲ್ಲಿ ಈ ವಸ್ತು ಜನರನ್ನು ಹೊರಗೆ ಕರೆದೊಯ್ಯುತ್ತದೆಯೇ ಎಂದು ಕೇಳುತ್ತವೆ. ಪ್ರಾಣ ಉಳಿಸುವುದು ಎರಡನೆಯ ಪ್ರಶ್ನೆಯ ಉತ್ತರ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಒಪ್ಪಿಸಿ ಸುಮ್ಮನಾಗುವುದು ಈ ಕ್ಷೇತ್ರದ ದೊಡ್ಡ ಅಪಾಯ.

ಬೆಳಕನ್ನು ಹಿಡಿದಿಟ್ಟುಕೊಳ್ಳುವ ವಸ್ತುಗಳ ಪರಿಚಯ ಹಳೆಯದು. 17ನೆಯ ಶತಮಾನದ ಆರಂಭದಲ್ಲಿ ಇಟಲಿಯ ಬೊಲೊನ್ಯಾ ನಗರದ ವಿಂಚೆಂಜೊ ಕಾಶಿಯಾರೊಲೊ ಎಂಬ ಚಮ್ಮಾರ ಹತ್ತಿರದ ಬೆಟ್ಟದ ಬೆರೈಟ್ ಕಲ್ಲನ್ನು ಇದ್ದಿಲಿನೊಂದಿಗೆ ಸುಟ್ಟಾಗ ಅದು ಬಿಸಿಲಿಗೆ ಒಡ್ಡಿದ ಮೇಲೆ ಕತ್ತಲಲ್ಲಿ ಹೊಳೆಯಿತು. 20ನೆಯ ಶತಮಾನದಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ತಾಮ್ರದ ಸೋಂಕಿರುವ ಸತುವಿನ ಸಲ್ಫೈಡ್. ಅದರ ಹೊಳಪು ಅರ್ಧ ಗಂಟೆ, ಒಂದು ಗಂಟೆಯೊಳಗೆ ಬಹುತೇಕ ಕಂದಿಬಿಡುತ್ತಿತ್ತು. ಅದೇ ಸಲ್ಫೈಡಿಗೆ ರೇಡಿಯಂ ಬೆರೆಸಿದರೆ ಬೆಳಕು ಊಡಿಸದೆಯೇ ಹೊಳೆಯುತ್ತದೆ. ಆದರೆ ಗಡಿಯಾರದ ಮುಖಗಳಿಗೆ ಆ ಬಣ್ಣ ಬಳಿದ ಅಮೆರಿಕದ ಹೆಣ್ಣುಮಕ್ಕಳಲ್ಲಿ ಹಲವರು ರೇಡಿಯಂ ವಿಕಿರಣದಿಂದ ಕಾಯಿಲೆಬಿದ್ದು ಪ್ರಾಣ ತೆತ್ತರು. ಇಂದಿನ ಮಾರ್ಗಸೂಚಕ ಪಟ್ಟಿಗಳಲ್ಲಿ ವಿಕಿರಣಶೀಲ ಧಾತುಗಳಿಗೆ ಜಾಗವಿಲ್ಲ. ಈ ವಿದ್ಯೆಯ ದಿಕ್ಕು ಬದಲಾದದ್ದು 1990ರ ದಶಕದಲ್ಲಿ. ಜಪಾನಿನ ನೆಮೊಟೊ ಕಂಪನಿಯ ಸಂಶೋಧಕರು ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಎಂಬ ವಿರಳ ಮೃತ್ತಿಕಾ ಧಾತುಗಳನ್ನು ಸೇರಿಸಿದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಅನ್ನು ರೂಪಿಸಿ 1996ರಲ್ಲಿ ಅದರ ಗುಣಗಳನ್ನು ಪ್ರಬಂಧವಾಗಿ ಪ್ರಕಟಿಸಿದರು. ಹಳೆಯ ಸಲ್ಫೈಡಿಗಿಂತ ಹತ್ತು ಪಟ್ಟಿನಷ್ಟು ಹೊಳಪು, ಇರುಳಿಡೀ ಉಳಿಯುವ ಮಿನುಗು ಇದರ ಹೆಚ್ಚುಗಾರಿಕೆ. ಬೆಳಕು ಬಿದ್ದಾಗ ಯುರೋಪಿಯಂ ಅಯಾನಿನಿಂದ ಬಿಡುಗಡೆಯಾದ ಎಲೆಕ್ಟ್ರಾನು ಹರಳಿನ ಒಂದು ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋಣೆಯ ಸಾಮಾನ್ಯ ಶಾಖವೇ ಅದನ್ನು ಮೆಲ್ಲಗೆ ಬಿಡಿಸಿದಾಗ ಅದು ಮರಳಿ ಬಂದು 520 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕಾಗಿ ಹೊರಬೀಳುತ್ತದೆ. ಬಿಡಿಸುವುದು ಶಾಖವಾದ್ದರಿಂದ ಶೀತಲಗೃಹದ ಗೋಡೆಯ ಮೇಲಿನ ಪಟ್ಟಿ ಕೋಣೆಯ ಬಿಸುಪಿನಲ್ಲಿ ಅಳೆದಷ್ಟು ಹೊಳೆಯದು. ಜಾಗ ಬದಲಾದರೆ ಗುಣವೂ ಬದಲಾಗುತ್ತದೆ ಎಂಬ ಮಾತು ಹೀಗೆ ಹರಳಿನಿಂದಲೇ ಶುರುವಾಗುತ್ತದೆ.

ಹೊಳಪನ್ನು ಅಳೆಯುವ ಏಕಮಾನ ಪ್ರತಿ ಚದರ ಮೀಟರಿಗೆ ಮಿಲಿಕ್ಯಾಂಡೆಲಾ. ಮುಂದೆ ಇಲ್ಲಿ ಬರಿಯ ಮಿಲಿಕ್ಯಾಂಡೆಲಾ ಎಂದರೂ ಅದೇ ಅರ್ಥ. ಪ್ರಯೋಗಾಲಯದಲ್ಲಿ ಮಾದರಿಯನ್ನು ಮೊದಲು ಪೂರ್ಣ ಕತ್ತಲಲ್ಲಿಟ್ಟು ಅದರಲ್ಲಿ ಉಳಿದಿರುವ ಬೆಳಕನ್ನೆಲ್ಲ ಬರಿದು ಮಾಡುತ್ತಾರೆ. ಆಮೇಲೆ ಗೊತ್ತಾದ ದೀಪದಡಿ ಗೊತ್ತಾದಷ್ಟು ಹೊತ್ತು ಇಟ್ಟು, ದೀಪ ಆರಿಸಿ, 2, 10, 30, 60 ನಿಮಿಷಗಳಿಗೆ ಹೊಳಪನ್ನು ಓದುತ್ತಾರೆ. ಜರ್ಮನಿಯ ಡಿಐಎನ್ 67510 ಮಾನಕ ಈ ಓದನ್ನು ಚಿಕ್ಕ ಸಂಕೇತವಾಗಿ ಬರೆಯುವ ಪದ್ಧತಿ ಹಾಕಿಕೊಟ್ಟಿತು. ಉತ್ಪನ್ನದ ಮೇಲೆ 150/22-2000 ಎಂದಿದ್ದರೆ, ಹತ್ತು ನಿಮಿಷಕ್ಕೆ 150 ಮಿಲಿಕ್ಯಾಂಡೆಲಾ, ಅರವತ್ತು ನಿಮಿಷಕ್ಕೆ 22, ಮತ್ತು 2000 ನಿಮಿಷಕ್ಕೆ 0.3ಕ್ಕೆ ಇಳಿಯುತ್ತದೆ ಎಂದರ್ಥ. ಆ 0.3 ಎಂಬುದು ಕತ್ತಲಿಗೆ ಪೂರ್ತಿ ಒಗ್ಗಿದ ಕಣ್ಣು ಗ್ರಹಿಸಬಲ್ಲ ಕನಿಷ್ಠ ಹೊಳಪಿನ ನೂರು ಪಟ್ಟು. ಹೊಳಪು ಸುಮಾರಾಗಿ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ. ಮೊದಲ ನಿಮಿಷಗಳಲ್ಲಿ ಧುಮುಕಿ, ಬಳಿಕ ಬಾಲದಂತೆ ಉದ್ದಕ್ಕೆ ಎಳೆಯುವ ಇಳಿತ ಇದು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2004ರಲ್ಲಿ ಹೊರತಂದ ಐಎಸ್‌ಒ 17398 ಇಂಥ ಸಾಮಗ್ರಿಗಳನ್ನು ಎ, ಬಿ, ಸಿ, ಡಿ ಎಂದು ಏರುಹೊಳಪಿನ ವರ್ಗಗಳಾಗಿ ವಿಂಗಡಿಸಿತು. ಖರೀದಿದಾರರು ಸಾಮಾನ್ಯವಾಗಿ ನೋಡುವುದು ಈ ವರ್ಗವನ್ನು ಅಥವಾ ಆ ಸಂಕೇತವನ್ನು ಮಾತ್ರ.

ಆದರೆ ಆ ಅಂಕಿಯ ಹಿಂದೆ ಒಂದು ದೀಪವಿದೆ, ಮತ್ತು ಅದೇ ಇಲ್ಲಿನ ಮುಖ್ಯ ವಿಷಯ. ಜರ್ಮನ್ ಪದ್ಧತಿಯಲ್ಲಿ ಮಾದರಿಗೆ ಬೆಳಕು ಊಡಿಸುವುದು ಝೆನಾನ್ ದೀಪದಿಂದ, 1000 ಲಕ್ಸ್ ಪ್ರಖರತೆಯಲ್ಲಿ, ಐದು ನಿಮಿಷ. ಅಮೆರಿಕದ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಮೆಟ್ಟಿಲ ಪಟ್ಟಿಗಳಿಗೆ ಹೇಳಿರುವುದೇ ಬೇರೆ: ಟ್ಯೂಬ್‌ಲೈಟಿನ 11 ಲಕ್ಸ್ ಬೆಳಕು, ಅರವತ್ತು ನಿಮಿಷ, ಆಮೇಲೆ ಹತ್ತನೆಯ ನಿಮಿಷಕ್ಕೆ ಕನಿಷ್ಠ 30 ಮಿಲಿಕ್ಯಾಂಡೆಲಾ, ತೊಂಬತ್ತನೆಯ ನಿಮಿಷಕ್ಕೆ ಕನಿಷ್ಠ 5. ಪ್ರಖರತೆಯನ್ನು ಹೊತ್ತಿನಿಂದ ಗುಣಿಸಿದರೆ ಮೊದಲನೆಯದು 5000, ಎರಡನೆಯದು 660. ಏಳೂವರೆ ಪಟ್ಟು ಅಂತರ. ಮೇಲಾಗಿ ಝೆನಾನ್ ಬೆಳಕಿನಲ್ಲಿ ಈ ಹರಳಿಗೆ ಬೇಕಾದ ನೀಲಿ ಮತ್ತು ನೇರಳಾತೀತದ ಪಾಲು ಹೆಚ್ಚು. ಹಾಗೆಂದು ಜರ್ಮನ್ ಅಂಕಿಯನ್ನು ಏಳೂವರೆಯಿಂದ ಭಾಗಿಸಿದರೆ ಅಮೆರಿಕದ ಅಂಕಿ ಸಿಗುವುದಿಲ್ಲ. ತೂತಿರುವ ಕೊಡಕ್ಕೆ ನೀರು ಹೊಯ್ಯುವಂತೆ, ಬೆಳಕು ತುಂಬುತ್ತಿರುವಾಗಲೇ ಸೋರುತ್ತಲೂ ಇರುತ್ತದೆ. ಮಂದ ಬೆಳಕಿನಲ್ಲಿ ತುಂಬುವುದೂ ಸೋರುವುದೂ ಬೇಗನೆ ಸರಿಸಮವಾಗಿ, ಎಷ್ಟು ಹೊತ್ತು ಇಟ್ಟರೂ ಮಟ್ಟ ಮೇಲೇರದ ಸ್ಥಿತಿ ಬರುತ್ತದೆ. ಆ ಮಟ್ಟ ಎಲ್ಲಿ ನಿಲ್ಲುತ್ತದೆ ಎಂಬುದು ಒಂದೊಂದು ವಸ್ತುವಿಗೆ ಒಂದೊಂದು ಬಗೆ. ಆದ್ದರಿಂದ 1000 ಲಕ್ಸಿನಲ್ಲಿ ಮುಂದಿರುವ ವಸ್ತು 11 ಲಕ್ಸಿನಲ್ಲೂ ಮುಂದಿರುತ್ತದೆ ಎನ್ನಲು ಆಧಾರವಿಲ್ಲ. ಅಮೆರಿಕದ ಷರತ್ತಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೊಳಪು ವಿಲೋಮ ನಿಯಮದಂತೆಯೇ ಇಳಿದರೆ ಹತ್ತನೆಯ ನಿಮಿಷಕ್ಕೆ 30 ಇದ್ದದ್ದು ತೊಂಬತ್ತನೆಯ ನಿಮಿಷಕ್ಕೆ ಮೂರೂ ಚಿಲ್ಲರೆಗೆ ಬಂದು ನಿಲ್ಲುತ್ತದೆ, 5 ಮುಟ್ಟುವುದಿಲ್ಲ. ಮೊದಲ ಅಂಕಿಯನ್ನು ಅಂಚಿನಲ್ಲಿ ದಾಟಿದ ವಸ್ತು ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಈ ಮಾನಕದ ನಿಜವಾದ ಕಟ್ಟುನಿಟ್ಟು ಇರುವುದು ಆ ತೊಂಬತ್ತು ನಿಮಿಷದ ಸಾಲಿನಲ್ಲಿ.

ಈ ಕಟ್ಟುನಿಟ್ಟಿನ ಹಿನ್ನೆಲೆಯಲ್ಲಿ ನ್ಯೂಯಾರ್ಕ್ ನಗರದ ಅನುಭವವಿದೆ. 1993ರ ಫೆಬ್ರವರಿ 26ರಂದು ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ಬಾಂಬ್ ಸಿಡಿದಾಗ ವಿದ್ಯುತ್ತು ಹೋಯಿತು, ತುರ್ತು ದೀಪಗಳೂ ಉಳಿಯಲಿಲ್ಲ. ಸಾವಿರಾರು ಜನ ಹೊಗೆ ತುಂಬಿದ, ಕಣ್ಣಿಗೆ ಏನೂ ಕಾಣದ ಮೆಟ್ಟಿಲುಗಳಲ್ಲಿ ತಡವರಿಸುತ್ತ ಗಂಟೆಗಟ್ಟಲೆ ಇಳಿದರು. ಅದಾದ ಮೇಲೆ ಆ ಗೋಪುರಗಳ ಮೆಟ್ಟಿಲುಗಳಿಗೆ ಬೆಳಗುವ ಬಣ್ಣದ ಗುರುತುಗಳನ್ನು ಹಾಕಲಾಯಿತು. 2001ರ ಸೆಪ್ಟೆಂಬರ್ 11ರಂದು ಅದೇ ಮೆಟ್ಟಿಲು ಇಳಿದು ಬದುಕಿದವರಲ್ಲಿ ಹಲವರು ಆ ಗುರುತುಗಳು ನೆರವಾದವೆಂದು ತನಿಖೆಯಲ್ಲಿ ಹೇಳಿದ್ದಾರೆ. 2004ರಲ್ಲಿ ನಗರ ತಂದ 26ನೆಯ ಸ್ಥಳೀಯ ಕಾನೂನು ಎತ್ತರದ ಕಚೇರಿ ಕಟ್ಟಡಗಳೆಲ್ಲ, ಹಳೆಯವೂ ಸೇರಿ, 2006ರ ಜುಲೈ 1ರೊಳಗೆ ಇಂಥ ಗುರುತು ಹಾಕಬೇಕೆಂದು ವಿಧಿಸಿತು. 2009ರ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ ಅದನ್ನು ದೇಶಕ್ಕೆಲ್ಲ ಮಾದರಿಯಾಗಿ ಎತ್ತಿಕೊಂಡಿತು. ಗುರುತು ಎಲ್ಲೆಲ್ಲಿ ಇರಬೇಕೆಂದು ಸಂಹಿತೆ ಬಿಡಿಬಿಡಿಯಾಗಿ ಹೇಳುತ್ತದೆ: ಪ್ರತಿ ಮೆಟ್ಟಿಲಿನ ಮುಂಚೂಣಿಯಲ್ಲಿ 25ರಿಂದ 51 ಮಿಲಿಮೀಟರ್ ಅಗಲದ ಪಟ್ಟಿ, ಕೈಕಂಬಿಯ ಮೇಲೆ, ತಂಗುಮೆಟ್ಟಿಲಿನ ಅಂಚಿನುದ್ದಕ್ಕೂ, ಹೊರಬಾಗಿಲಿನ ಚೌಕಟ್ಟಿಗೆ, ಬಾಗಿಲ ಹಿಡಿಯ ಬಳಿ. ಕೊನೆಯದನ್ನು ಓದುವಾಗ ಇದನ್ನು ಬರೆದವರು ಕತ್ತಲಲ್ಲಿ ಬಾಗಿಲು ಸಿಕ್ಕಿಯೂ ಹಿಡಿ ಸಿಗದವರ ಪಾಡನ್ನು ಯೋಚಿಸಿದ್ದಾರೆ ಅನ್ನಿಸುತ್ತದೆ. ಆದರೆ ಸಂಹಿತೆಯ ಪಟ್ಟಿಯಲ್ಲಿ ಕಚೇರಿ, ಹೋಟೆಲು, ಮಳಿಗೆ, ಸಭಾಂಗಣಗಳಿವೆ. ಜನ ಮಲಗಿ ನಿದ್ರಿಸುವ ಅಪಾರ್ಟ್‌ಮೆಂಟುಗಳಿಲ್ಲ. ಈ ವಿನಾಯಿತಿಯನ್ನು ಒಪ್ಪುವುದು ಕಷ್ಟ.

ಜಾಗವನ್ನೇ ಪರೀಕ್ಷಿಸುವ ದಾರಿಯಲ್ಲಿ ಹಡಗುಗಳ ನಿಯಮ ಎಲ್ಲರಿಗಿಂತ ಮುಂದೆ ಹೋಗಿದೆ. 1990ರ ಏಪ್ರಿಲ್ 7ರಂದು ನಾರ್ವೆ ಮತ್ತು ಡೆನ್ಮಾರ್ಕ್ ನಡುವೆ ಸಾಗುತ್ತಿದ್ದ ಸ್ಕ್ಯಾಂಡಿನೇವಿಯನ್ ಸ್ಟಾರ್ ಹಡಗಿಗೆ ಬೆಂಕಿ ಬಿದ್ದು 159 ಮಂದಿ ಸತ್ತರು. ಹಲವರ ಜೀವ ತೆಗೆದದ್ದು ಕಾರಿಡಾರುಗಳಿಗೆ ನುಗ್ಗಿದ ಹೊಗೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 1993ರಲ್ಲಿ ಅಂಗೀಕರಿಸಿದ ಎ.752(18) ನಿರ್ಣಯ, ಪ್ರಯಾಣಿಕರ ಹಡಗುಗಳಲ್ಲಿ ನೆಲಮಟ್ಟದ ಮಾರ್ಗಸೂಚಕಗಳು ಹೇಗಿರಬೇಕೆಂದು ತಿಳಿಸುತ್ತದೆ. ಬೆಳಗುವ ಪಟ್ಟಿ ಕನಿಷ್ಠ 75 ಮಿಲಿಮೀಟರ್ ಅಗಲವಿರಬೇಕು. ಹೊರಗಿನ ಬೆಳಕೆಲ್ಲ ಆರಿದ ಹತ್ತು ನಿಮಿಷಕ್ಕೆ ಕನಿಷ್ಠ 15 ಮಿಲಿಕ್ಯಾಂಡೆಲಾ, ಆಮೇಲೆ ಅರವತ್ತು ನಿಮಿಷದವರೆಗೆ 2ಕ್ಕಿಂತ ಹೆಚ್ಚು ಹೊಳಪಿರಬೇಕು. ಅಂಕಿಗಳು ಕಟ್ಟಡಗಳದ್ದಕ್ಕಿಂತ ಸಣ್ಣವು. ಆದರೆ ಇದೇ ನಿರ್ಣಯ ಐದು ವರ್ಷಕ್ಕೊಮ್ಮೆಯಾದರೂ ಹೊಳಪನ್ನು ಹಡಗಿನಲ್ಲೇ, ಪಟ್ಟಿ ಅಂಟಿಸಿದ ಜಾಗದಲ್ಲೇ ಅಳೆಯಬೇಕೆನ್ನುತ್ತದೆ. ಒಂದು ಓದು ಕಡಿಮೆ ಬಂದರೆ ಅದೇ ಆವರಣದ ಹತ್ತು ಕಡೆ ಸಮ ಅಂತರದಲ್ಲಿ ಮತ್ತೆ ಅಳೆಯಬೇಕು; ಶೇಕಡಾ 30ಕ್ಕಿಂತ ಹೆಚ್ಚು ಓದುಗಳು ಸೋತರೆ ಪಟ್ಟಿಯನ್ನೇ ಬದಲಿಸಬೇಕು; 20ರಿಂದ 30 ಆದರೆ ವರ್ಷದೊಳಗೆ ಮರುಪರೀಕ್ಷೆ ಅಥವಾ ಬದಲಾವಣೆ. ಕಾರ್ಖಾನೆಯ ಪ್ರಮಾಣಪತ್ರ ಎಷ್ಟೇ ಹೊಳೆಯಲಿ, ಹಡಗಿನ ಆ ಮೂಲೆಯ ದೀಪ ಮಂದವಾಗಿದ್ದರೆ ಅಳತೆ ಅದನ್ನು ಬಯಲಿಗೆ ತರುತ್ತದೆ. ವಿಮಾನಗಳದ್ದೂ ಬಹುಮಟ್ಟಿಗೆ ಇದೇ ಜಾಡು. ನೆಲದಿಂದ ನಾಲ್ಕು ಅಡಿಗಿಂತ ಮೇಲಿನ ದೀಪಗಳೆಲ್ಲ ಹೊಗೆಯಲ್ಲಿ ಮುಚ್ಚಿಹೋದರೂ ಪ್ರಯಾಣಿಕ ಸೀಟು ಬಿಟ್ಟೆದ್ದು ದಾರಿ ಗುರುತಿಸಬಲ್ಲವನಾಗಬೇಕು ಎಂಬುದು ಅಮೆರಿಕದ ವಿಮಾನಯಾನ ನಿಯಮ. ಅಲ್ಲಿ ಕೇಳಿರುವುದು ಮನುಷ್ಯ ಏನನ್ನು ಕಾಣಬೇಕೆಂಬುದನ್ನು. ಬೆಳಗುವ ಪಟ್ಟಿ ಬಳಸುವ ವಿಮಾನದಲ್ಲಿ ದಿನದ ಮೊದಲ ಹಾರಾಟಕ್ಕೆ ಮುನ್ನ ಕ್ಯಾಬಿನ್ ದೀಪಗಳನ್ನು ಹಚ್ಚಿಟ್ಟು ಪಟ್ಟಿಗೆ ಬೆಳಕು ತುಂಬಿಸುವುದು ಕಾರ್ಯವಿಧಾನದ ಭಾಗ.

ಜಾಗಕ್ಕೆ ತಕ್ಕ ಪರೀಕ್ಷೆ ಎಂದರೆ ಜಾಗಕ್ಕೊಂದು ಮಾನಕವಾಗುತ್ತದೆ, ಆಗ ವಸ್ತುಗಳನ್ನು ಹೋಲಿಸುವುದು ಹೇಗೆ ಎಂಬ ಆಕ್ಷೇಪಣೆ ಸಹಜ, ಮತ್ತು ಅದರಲ್ಲಿ ಹುರುಳಿದೆ. ಝೆನಾನ್ ದೀಪದ 1000 ಲಕ್ಸ್ ಬರ್ಲಿನ್ನಿನಲ್ಲೂ ಟೋಕಿಯೊದಲ್ಲೂ ಒಂದೇ. ಟ್ಯೂಬ್‌ಲೈಟುಗಳ ಬೆಳಕು ತಯಾರಕರಿಂದ ತಯಾರಕರಿಗೆ, ಹೊಸದರಿಂದ ಹಳತಿಗೆ ಬದಲಾಗುತ್ತದೆ. ಮರಳಿ ಮಾಡಿದಾಗ ಅದೇ ಉತ್ತರ ಬರದ ಪರೀಕ್ಷೆ ವ್ಯಾಪಾರದಲ್ಲಿ ಜಗಳಕ್ಕೆ ದಾರಿ. ಹೀಗಾಗಿ ಪ್ರಯೋಗಾಲಯದ ಪ್ರಬಲ ಬೆಳಕಿನ ಪರೀಕ್ಷೆ ವಸ್ತುವಿನ ತಯಾರಿಕೆಯಲ್ಲಿ ಗುಣಮಟ್ಟ ಕಾಯಲು ಬೇಕೇ ಬೇಕು. ಅದರ ಅಧಿಕಾರ ಅಲ್ಲಿಗೆ ಮುಗಿಯಬೇಕು ಎಂಬುದಷ್ಟೇ ಇಲ್ಲಿನ ವಾದ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೇ ವಸ್ತುವಿಗೆ 17398, ದಾರಿ ತೋರಿಸುವ ಇಡೀ ವ್ಯವಸ್ಥೆಗೆ 16069 ಎಂದು ಎರಡು ದಸ್ತಾವೇಜು ಮಾಡಿರುವುದು ಈ ಭೇದವನ್ನು ಒಪ್ಪಿಕೊಂಡಂತೆಯೇ. ಮೊದಲನೆಯದನ್ನು ತೋರಿಸಿ ಎರಡನೆಯದರ ಅನುಮೋದನೆ ಪಡೆಯುವುದು ತಪ್ಪು.

ಈ ತಪ್ಪು ಕಳೆದ ಹದಿನೈದು ವರ್ಷಗಳಲ್ಲಿ ಇನ್ನಷ್ಟು ದುಬಾರಿಯಾಗಿದೆ, ಕಾರಣ ಎಲ್‌ಇಡಿ. ಬಿಳಿ ಎಲ್‌ಇಡಿಯ ಒಳಗಿರುವುದು 450 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿನ ಚಿಪ್. ಅದರ ಮೇಲಿನ ಲೇಪ ನೀಲಿಯ ಬಹುಪಾಲನ್ನು ಹಳದಿ, ಕೆಂಪುಗಳಾಗಿ ಮಾರ್ಪಡಿಸುತ್ತದೆ. ನೇರಳಾತೀತ ಇಲ್ಲವೆನ್ನುವಷ್ಟು ಕಡಿಮೆ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಬೆಳಕು ಹೀರುವುದು ನೇರಳಾತೀತದಿಂದ ನೀಲಿಯವರೆಗೆ, ಆಚೆಗೆ ಅದಕ್ಕೆ ಹಸಿವಿಲ್ಲ. ಲಕ್ಸ್ ಮಾಪಕವಾದರೋ ಮನುಷ್ಯನ ಕಣ್ಣಿಗೆ ಹೊಂದಿಸಿದ್ದು. ಹಳದಿ-ಹಸಿರಿಗೆ ಹೆಚ್ಚು ಅಂಕ ಕೊಡುತ್ತದೆ. ಅಂದರೆ ಹಿತವಾದ ಹಳದಿ ಛಾಯೆಯ ಎಲ್‌ಇಡಿಯಡಿ ಮಾಪಕ 50 ಲಕ್ಸ್ ತೋರಿಸಬಹುದು, ಆದರೆ ಪಟ್ಟಿಗೆ ದಕ್ಕುವ ಬೆಳಕು ಟ್ಯೂಬ್‌ಲೈಟಿನ 50 ಲಕ್ಸಿನಷ್ಟಿರುವುದಿಲ್ಲ. ಇದರ ಜತೆಗೆ ಮೆಟ್ಟಿಲ ಬಳಿ ಯಾರೂ ಇಲ್ಲದಾಗ ದೀಪ ಆರಿಸುವ ಸಂವೇದಕಗಳು ಬಂದಿವೆ. ವಿದ್ಯುತ್ ಉಳಿತಾಯಕ್ಕೆ ಅದು ಸರಿಯಾದ ಕ್ರಮವೇ. ಆದರೆ ಎಲ್ಲರೂ ಲಿಫ್ಟಿನಲ್ಲಿ ಓಡಾಡುವ ಕಟ್ಟಡದಲ್ಲಿ ಮೆಟ್ಟಿಲ ದೀಪ ದಿನಕ್ಕೆ ಕೆಲವೇ ನಿಮಿಷ ಉರಿದರೆ ಪಟ್ಟಿಗಳು ಹಗಲಿಡೀ ಹಸಿದಿರುತ್ತವೆ. ಜನ ಕಟ್ಟಡದಲ್ಲಿ ಸೇರುವುದಕ್ಕೆ ಕನಿಷ್ಠ ಅರವತ್ತು ನಿಮಿಷ ಮೊದಲು ದೀಪ ಉರಿದಿರಬೇಕೆಂದು ಅಮೆರಿಕದ ಸಂಹಿತೆ ಬರೆದಿರುವುದು ಇದಕ್ಕಾಗಿ. ಬೆಳಗುವ ನಿರ್ಗಮನ ಫಲಕಗಳ ವಿಷಯದಲ್ಲಂತೂ ಜನ ಇರುವಷ್ಟು ಹೊತ್ತೂ ಫಲಕದ ಮುಖದ ಮೇಲೆ ಬೆಳಕು ಬೀಳುತ್ತಿರಬೇಕು, ಆ ದೀಪ ಯಾವ ಬಗೆಯದೆಂಬುದು ಫಲಕದ ಮೇಲೆ ನಮೂದಾಗಿರಬೇಕು ಎಂಬ ನಿಯಮವಿದೆ. ದೀಪವನ್ನೂ ಫಲಕವನ್ನೂ ಒಂದೇ ಯಂತ್ರದ ಎರಡು ಭಾಗಗಳೆಂದು ಕಂಡ ನಿಯಮ ಅದು.

ಇನ್ನೊಂದು ಭಾಗ ಕಣ್ಣು. ದೀಪ ಆರಿದೊಡನೆ ಕಣ್ಣು ಕುರುಡಾದಂತಿರುತ್ತದೆ. ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆಯಷ್ಟು ಬೇಕು. ಅದೃಷ್ಟಕ್ಕೆ ವಸ್ತುವಿನ ಹೊಳಪು ಅತಿ ಹೆಚ್ಚಿರುವುದೂ ಆ ಮೊದಲ ನಿಮಿಷಗಳಲ್ಲೇ. ಅದು ಕಂದುತ್ತ ಹೋದಂತೆ ಕಣ್ಣು ಚುರುಕಾಗುತ್ತ ಹೋಗುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿನ ಸಂವೇದನೆ 555ರಿಂದ 507 ನ್ಯಾನೊಮೀಟರಿನ ಕಡೆಗೆ, ಅಂದರೆ ಈ ಹಸಿರು ಹೊಳಪಿನ ಕಡೆಗೇ, ಸರಿಯುತ್ತದೆ. ಹಾಗಾದರೆ ಮಾನಕಗಳು ಹಗಲುಗಣ್ಣಿಗೆ ಹೊಂದಿಸಿದ ಮಾಪಕ ಬಳಸಿ ವಸ್ತುವಿಗೆ ಅನ್ಯಾಯ ಮಾಡುತ್ತಿವೆ, ಕತ್ತಲಿಗೊಗ್ಗಿದ ಕಣ್ಣಿನ ಲೆಕ್ಕ ಹಿಡಿದರೆ ಕಡಿಮೆ ಅಂಕಿಯೂ ಸಾಕು ಎಂಬ ವಾದ ಉಂಟು. ತಾಂತ್ರಿಕವಾಗಿ ಅದು ಸರಿ. ಆದರೆ ಓಡುವವರ ಕಣ್ಣು ಒಗ್ಗಿರುವುದಿಲ್ಲ, ಅಲ್ಲಲ್ಲಿ ಟಾರ್ಚ್, ಮೊಬೈಲ್ ಬೆಳಕು ಕಣ್ಣಿಗೆ ಬಿದ್ದು ಒಗ್ಗಿದ್ದೂ ಕೆಡುತ್ತದೆ. ವಯಸ್ಸಾದವರಲ್ಲಿ ಒಗ್ಗುವಿಕೆ ನಿಧಾನ. ಹಳದಿಗಟ್ಟಿದ ಕಣ್ಣಿನ ಮಸೂರ ನೀಲಿ-ಹಸಿರನ್ನು ತಡೆಯುತ್ತದೆ. ಮೆಟ್ಟಿಲಲ್ಲಿ ಒಬ್ಬರು ಎಡವಿ ಬಿದ್ದರೆ ಹಿಂದಿನವರೆಲ್ಲ ನಿಲ್ಲಬೇಕಾಗುತ್ತದೆ. ಆದ್ದರಿಂದ ಹಗಲುಗಣ್ಣಿನ ಮಾಪಕದಿಂದ ದೊರೆಯುವ ಹೆಚ್ಚುವರಿ ಅಂತರವನ್ನು ರಿಯಾಯಿತಿಯೆಂದು ಕಳೆಯದೆ ಮುದುಕರ ಪಾಲಿಗೆ ಮೀಸಲಿಡುವುದೇ ನ್ಯಾಯ.

ಬ್ಯಾಟರಿಯ ತುರ್ತು ದೀಪಗಳಿರುವಾಗ ಇವೆಲ್ಲ ಏಕೆ ಎಂದೂ ಕೇಳುತ್ತಾರೆ. ಎರಡೂ ಬೇಕು, ಯಾವ ಗಂಭೀರ ಸಂಹಿತೆಯೂ ಒಂದನ್ನು ಹಾಕಿ ಇನ್ನೊಂದನ್ನು ಕೈಬಿಡಲು ಹೇಳುವುದಿಲ್ಲ. ದೀಪ ಎತ್ತರದಲ್ಲಿದ್ದು ಹೊಗೆ ಅದನ್ನು ಮೊದಲು ನುಂಗುತ್ತದೆ. ಪಟ್ಟಿ ಕಾಲ ಬಳಿಯೇ ಇರುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಗಿಲೇನ್ ಪ್ರೂ ಮತ್ತು ಸಂಗಡಿಗರು ಕಚೇರಿ ಕಟ್ಟಡದ ಮೆಟ್ಟಿಲುಗಳಲ್ಲಿ ನಡೆಸಿದ ತೆರವು ಪ್ರಯೋಗಗಳು, ಬೇರೆ ದೀಪವಿಲ್ಲದೆ ಈ ಪಟ್ಟಿಗಳ ಆಸರೆಯಲ್ಲೇ ಜನ ಇಳಿಯಬಲ್ಲರೆಂದು ತೋರಿಸಿವೆ. ಆದರೂ ಇವುಗಳ ಮಿತಿಯನ್ನು ಮರೆಯಬಾರದು. ಕೆಲವು ಮಿಲಿಕ್ಯಾಂಡೆಲಾಗಳ ಹೊಳಪು ದಟ್ಟ ಕರಿಹೊಗೆಯನ್ನು ತೂರಿ ಬರಲಾರದು. ಬೆಂಗಳೂರಿನ ಕಾರ್ಲ್ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನರನ್ನು ಬಲಿ ತೆಗೆದುಕೊಂಡ ಬೆಂಕಿಯಲ್ಲಿ ಹೊಗೆ ಕಟ್ಟಡವನ್ನೇ ತುಂಬಿ, ಕೆಲವರು ಕಿಟಕಿಗಳಿಂದ ಜಿಗಿದರು. ಹೊಗೆ ನುಗ್ಗಿದ ಮೆಟ್ಟಿಲಿಗೆ, ಬೀಗ ಹಾಕಿದ ಬಾಗಿಲಿಗೆ ಯಾವ ಪಟ್ಟಿಯೂ ಪರಿಹಾರವಲ್ಲ. ಹೊಗೆ ತಡೆಯುವ ಬಾಗಿಲು, ಗಾಳಿಯೊತ್ತಡ ಇಟ್ಟ ಮೆಟ್ಟಿಲಗೂಡು, ತೆರವಾದ ದಾರಿ ಇವೆಲ್ಲ ಇದ್ದ ಮೇಲೆ ಪಟ್ಟಿಯ ಪಾತ್ರ ಬರುತ್ತದೆ.

ಬಾಳಿಕೆಯ ಮಾತು ಚಿಕ್ಕದು, ಆದರೆ ನಮ್ಮ ಹವೆಗೆ ಮುಖ್ಯ. ಸ್ಟ್ರಾನ್ಷಿಯಂ ಅಲ್ಯುಮಿನೇಟ್ ನೀರು ತಗುಲಿದರೆ ಕೆಡುತ್ತದೆ. ಹಾಗಾಗಿ ಕಣಗಳಿಗೆ ಕವಚ ಹೊದಿಸಿ ಇಲ್ಲವೇ ರಾಳದಲ್ಲಿ ಹುದುಗಿಸಿ ಬಳಸುತ್ತಾರೆ. ಮಾನಕಗಳಲ್ಲಿ ಸವೆತ, ತೊಳೆತ, ಉಪ್ಪುನೀರಿನ ತುಂತುರು, ಬೆಂಕಿ ಹತ್ತುವಿಕೆಗಳ ಪರೀಕ್ಷೆಗಳಿವೆ. ಮಂಗಳೂರು, ಕಾರವಾರದಂಥ ಕರಾವಳಿಯ ಕಟ್ಟಡಗಳಿಗೆ ಪಟ್ಟಿ ಕೊಳ್ಳುವವರು ಹೊಳಪಿನ ವರ್ಗದಷ್ಟೇ ಆ ತುಂತುರಿನ ಪರೀಕ್ಷೆಯ ಫಲಿತಾಂಶವನ್ನೂ ಕೇಳಬೇಕು. ಭಾರತದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಗಳನ್ನು ಎತ್ತರದವೆಂದು ಪರಿಗಣಿಸಿ ತುರ್ತು ಬೆಳಕು ಮತ್ತು ನಿರ್ಗಮನ ಸೂಚಕಗಳನ್ನು ಬಯಸುತ್ತದೆ. ಸುರಕ್ಷತಾ ಬಣ್ಣ ಮತ್ತು ಸಂಜ್ಞೆಗಳಿಗೆ ಐಎಸ್ 9457 ಇದೆ. ಇವುಗಳ ಆಧಾರದ ಮೇಲೆ ಟೆಂಡರು ಬರೆಯುವ ಎಂಜಿನಿಯರು ಮಿಲಿಕ್ಯಾಂಡೆಲಾ ಅಂಕಿಯ ಪಕ್ಕದಲ್ಲೇ ಎಷ್ಟು ಲಕ್ಸ್, ಯಾವ ದೀಪ, ಎಷ್ಟು ನಿಮಿಷ ಎಂಬ ಮೂರನ್ನು ನಮೂದಿಸಬಹುದು; ಆ ದೀಪ ಕಟ್ಟಡದಲ್ಲಿ ಹಾಕಲಿರುವ ಎಲ್‌ಇಡಿಯೇ ಆಗಿರಬೇಕೆಂದು ಷರತ್ತು ಹಾಕಬಹುದು; ಕೆಲಸ ಒಪ್ಪಿಸಿಕೊಳ್ಳುವ ದಿನ, ಆಮೇಲೆ ಹಡಗುಗಳಂತೆ ಐದು ವರ್ಷಕ್ಕೊಮ್ಮೆ, ಅತಿ ಮಂದ ಬೆಳಕಿನ ಅಂತಸ್ತಿನಲ್ಲಿ ದೀಪ ಆರಿಸಿ ಹತ್ತನೆಯ ಮತ್ತು ತೊಂಬತ್ತನೆಯ ನಿಮಿಷಕ್ಕೆ ಮಾಪಕ ಹಿಡಿದು ಓದಬಹುದು. ಇದಕ್ಕೆ ಬೇಕಾದದ್ದು ಕಡಿಮೆ ಹೊಳಪನ್ನು ಓದಬಲ್ಲ ಒಂದು ಮಾಪಕ ಮತ್ತು ಎರಡು ಗಂಟೆಯ ಸಮಯ.